ವಿಸರ್ಜನೆಯ ಕಲಮು

ಗುದೈಬಿಯಾದ ಓಣಿಯಲ್ಲಿ, ಕುಬ್ಬೂಸಿನ ಒಲೆಯ ಮಗ್ಗುಲಿಗೆ
ನನ್ನ ಟೈಪಿಂಗ್ ಅಂಗಡಿ. ಹಾಳೆಗೆ ಐನೂರು ಫಿಲ್ಸ್.
ವೀಸಾ, ತಲಾಖು, ಹಳೇ ಕಾರು, ಕಳೆದ ಪಾಸ್‌ಪೋರ್ಟು,
ಯಾರ ಸಂಕಟವಾದರೂ ಇಲ್ಲಿ
ಬಲದಿಂದ ಎಡಕ್ಕೇ ಹೋಗಬೇಕು.

ಶುಕ್ರವಾರ, ಜುಮಾ ಮುಗಿದು ಚಪ್ಪಲಿಗಳು ಚದುರುವ ಹೊತ್ತು
ಏಳು ಜನ ಬಂದರು, ನಡುವೆ ಒಂದು ನಿಡೋ ಡಬ್ಬಿ.
ತಪ್ಪು ಮಾಡಿದ ಹುಡುಗನನ್ನು ಹೆಡ್‌ಮಾಸ್ತರ ಮುಂದೆ ಕೂರಿಸಿದ ಹಾಗೆ
ಮೇಜಿನ ಮೇಲಿಟ್ಟರು.
"ಸಾಹೇಬ್ರೆ, ಇದನ್ನು ಕಾನೂನು ಮಾಡಿಕೊಡಿ."

ಡಬ್ಬಿಗೆ ಹದಿನಾಲ್ಕು ವರ್ಷ.
ಪೇಂಟರ್ ಯಮನೂರಪ್ಪ ಆಸ್ಪತ್ರೆಯ ಥಂಡಿ ಪೆಟ್ಟಿಗೆಯಲ್ಲಿ
ಹತ್ತೊಂಬತ್ತು ದಿನ ಟಿಕೇಟಿಗೆ ಕಾದಾಗ
ತ್ಯಾಂಪಣ್ಣ ಹಾಲುಪುಡಿ ಕೊಡವಿ ಮುಚ್ಚಳಕ್ಕೆ ಸೀಳು ಹಾಕಿದ್ದು.
ಅಲ್ಲಿಂದ ಮೂವತ್ತೊಂದು ಪೆಟ್ಟಿಗೆ ಹೋಗಿವೆ,
ಗದಗ, ಗಂಗೊಳ್ಳಿ, ಸುರಪುರ, ಒಂದು ಎಲ್ಲೋ ನೇಪಾಳಕ್ಕೆ.
ನಾನೂ ಒಮ್ಮೆ ಅದಕ್ಕೆ ಹಾಕಿದ್ದೆ, ರಸೀದಿ ಇಲ್ಲದೆ.
ಈಗ ಯಾರೋ ಹೇಳಿದ್ದಾರೆ: ಪರವಾನಗಿ ಇಲ್ಲದೆ
ಒಂದು ದಿನಾರು ಎತ್ತಿದರೂ ತಪ್ಪು.
"ಹಾಗಾದರೆ ಮೂವತ್ತೊಂದು ತಪ್ಪು,"
ಬೆರಳು ಮಡಿಚಿದಳು ನರ್ಸ್ ಅಪೊಲಿನ್.

ಮೊದಲ ಚೌಕ, ಹೆಸರು.
ಗೆಳೆಯರ ಬಳಗ ಅಂದರು. ಅರಬ್ಬಿಯಲ್ಲಿ ಳಕಾರವಿಲ್ಲ.
ನಾಲಗೆ ಮಡಿಚುವಲ್ಲಿ ನೇರ ಮಾಡಿ ಲ ಹೊಡೆದೆ,
ಗೆಲೆಯರ ಬಲಗ.
"ಗೆಲ್ಲುವವರ ಬಲವಾಯಿತಲ್ಲ!" ಗೌಸ್ ಕೋಲಾ ನಕ್ಕ.

ಎರಡನೆಯದು: ಲಾಭವಿಲ್ಲವೆಂದು ಪ್ರಮಾಣ ಮಾಡಿ.
"ಇಪ್ಪತ್ತೆರಡು ವರ್ಷದಿಂದ ಇಲ್ಲ," ಅಂದ ತ್ಯಾಂಪಣ್ಣ,
"ಬೇಕಾದರೆ ಹೆಂಡತಿಯನ್ನು ಕೇಳಿ."

ಉದ್ದೇಶಕ್ಕೆ ಎರಡೇ ಸಾಲು ಜಾಗ.
ಹೆಣ ಕಳಿಸುವುದು ಅಂತ ಬರೆಯುವುದು ಹೇಗೆ?
ಸದಸ್ಯರ ಕ್ಷೇಮ ಅಂತ ಹೊಡೆದೆ.
ಜಾತಿ ಇಲ್ಲ, ರಾಜಕೀಯ ಇಲ್ಲ, ಧರ್ಮ ಇಲ್ಲ: ಟಿಕ್, ಟಿಕ್, ಟಿಕ್.
ಅಧ್ಯಕ್ಷರೊಬ್ಬರು, ಖಜಾಂಚಿಯೊಬ್ಬ,
ವರ್ಷಕ್ಕೊಂದು ಲೆಕ್ಕ, ಲೆಕ್ಕಕ್ಕೊಬ್ಬ ಆಡಿಟರು,
ಮಹಾಸಭೆಗೆ ಅರ್ಧ ಜನ ಬಂದರೇ ಸಭೆ.
"ನೈಟ್ ಶಿಫ್ಟಿನವರು ಕೂತಲ್ಲೇ ನಿದ್ದೆ ಹೋದರೆ?"
ಅದಕ್ಕೆ ಫಾರಮಿನಲ್ಲಿ ಚೌಕವಿಲ್ಲ.

ಸ್ಥಾಪಕರು: ಗುರುತಿನ ಚೀಟಿಯ ನಕಲು ಲಗತ್ತಿಸಿ.
ಏಳು ನಕಲು.
ಎಂಟನೆಯವ ಹೊರಗೆ ನಿಂತಿದ್ದ,
ಒಲೆಯ ಬಿಸಿಗೆ ಬೆನ್ನು ಕೊಟ್ಟು.
ಕಫೀಲನ ಕೆಲಸ ಬಿಟ್ಟು ಓಡಿಬಂದ ಸೋಮ್ಲಾ ನಾಯ್ಕ,
ಯಾವ ಕಾಗದದಲ್ಲೂ ಇಲ್ಲ.
ಮೂವತ್ತೊಂದರಲ್ಲಿ ಅರ್ಧಕ್ಕೆ ಕೊನೆಯ ನೀರು ಹೊಯ್ದ ಕೈ ಅವನದು.
"ಅವನಿಗೂ ಒಂದು ಗೆರೆ ಇಡಿ," ಅಂದಳು ಅಪೊಲಿನ್.
ಗೆರೆ ಇತ್ತು. ಖಾಲಿ ಬಿಟ್ಟೆ.
ಖಾಲಿ ಗೆರೆ ಇರುವ ಹಾಳೆಯನ್ನು ನಾನು
ಪ್ರಿಂಟಿಗೆ ಕೊಡುವವನಲ್ಲ. ಅವತ್ತು ಕೊಟ್ಟೆ.

ಕಡೆಯ ಕಲಮು, ವಿಸರ್ಜನೆ:
ಸಂಘ ಮುಚ್ಚಿದರೆ ಉಳಿದದ್ದು ಯಾರಿಗೆ?
ಹೆರಿಗೆಗೆ ಮೊದಲೇ ತಿಥಿಯ ವಿಚಾರ.
ಅಂಗಡಿ ಒಮ್ಮೆಗೇ ಸುಮ್ಮನಾಯಿತು, ಏಸಿಯೊಂದೇ ಗೊರಗುಟ್ಟಿತು.
ಅಲ್ಲಿದ್ದ ಯಾರ ವೀಸಾಕ್ಕೂ
ಎರಡು ವರ್ಷಕ್ಕಿಂತ ಹೆಚ್ಚು ಆಯಸ್ಸಿರಲಿಲ್ಲ.
"ಇಂಥದೇ ಇನ್ನೊಂದು ಸಂಘಕ್ಕೆ," ಅಂದ ಗೌಸ್ ಕೊನೆಗೆ.
ಎಲ್ಲರೂ ಬರೆಸುವ ಮಾತೇ. ಹೊಡೆದೆ.

ದುಡ್ಡು ಬ್ಯಾಂಕಿಗೆ. ಆಸ್ತಿ ಪಟ್ಟಿಗೆ ಡಬ್ಬಿ ಸೇರಲಿಲ್ಲ.
ಒಂಬತ್ತು ಹಾಳೆ, ನಾಲ್ಕೂವರೆ ದಿನಾರು.
ಬೇಡ ಅಂದರೆ ಗೌಸ್ ಒಪ್ಪಲಿಲ್ಲ, ಈಗವನು ಖಜಾಂಚಿ, ರಸೀದಿ ಕೇಳಿದ:
ಸಂಘದ ಮೊದಲ ಖರ್ಚು, ಕ್ರಮ ಸಂಖ್ಯೆ ಒಂದು.

ಹೊರಗೆ ಸೋಮ್ಲಾ ಖಾಲಿ ಡಬ್ಬಿಯನ್ನು ಕೇಳಿ ಇಸಕೊಂಡ.
ಸೀಳಿನ ಮುಚ್ಚಳ ನನ್ನ ಮೇಜಿನ ಮೇಲೇ ಉಳಿಯಿತು.
"ನೀರು ಹೊಯ್ಯಲಿಕ್ಕೆ," ಅಂದ, ಒಳಗೆ ಬೆರಳಾಡಿಸುತ್ತ,
"ಸರೀ ಒಂದು ತಂಬಿಗೆ ಹಿಡೀತದೆ."